ಮಾವಶಿಯ ಪಗಾರ ಯಾರ ಕೈಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಹಾಸಿಗೆ ಹಿಡಿದ ಹಿರಿಯರು, ಅವರನ್ನು ನೋಡಿಕೊಳ್ಳಲು ಬ್ಯೂರೋದಿಂದ, ಅಂದರೆ ಆಯಾಗಳನ್ನು ಕಳಿಸುವ ಏಜೆನ್ಸಿಯಿಂದ, ಬರುವ ಆಯಾ (ಇಲ್ಲಿ ನಾವು ಮಾವಶಿ ಅನ್ನುತ್ತೇವೆ), ಅವರ ಪಗಾರ. ನಾನು 31 ವರ್ಷ ಮುಂಬೈಯ ಸಯಾನ್‌ನ ಮುನಿಸಿಪಲ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಘಾಟ್‌ಕೋಪರ್‌ನ ನಮ್ಮ ಮನೆಯಲ್ಲೇ ನನ್ನ ಅಮ್ಮ ಎರಡು ವರ್ಷ ಮಲಗಿದಲ್ಲೇ ಇದ್ದರು. ಹಾಗಾಗಿ ಎರಡೂ ಕಡೆಯಿಂದ ಇದನ್ನು ನೋಡಿದ್ದೇನೆ. ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಅತ್ತೆಗೆ 76 ವರ್ಷ. ಮಾರ್ಚ್‌ನಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದೆ. ನಾನೂ ನನ್ನ ಗಂಡನೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಮಾವ ಇರುತ್ತಾರೆ, ಆದರೆ ಅವರಿಗೆ ಕಣ್ಣು ಮಂಜು. ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಬ್ಯೂರೋದ ಆಯಾ ಇಟ್ಟಿದ್ದೇವೆ. ದಿನಕ್ಕೆ 900 ರೂಪಾಯಿ. ಎರಡು ತಿಂಗಳಲ್ಲಿ ಇವಳು ಮೂರನೆಯವಳು. ಮೊದಲಿನವಳು ಒಂಬತ್ತೇ ದಿನಕ್ಕೆ ಬಿಟ್ಟಳು. ಈಗಿನವಳು ಒಳ್ಳೆಯವಳು, ಅತ್ತೆಗೂ ಹಿಡಿಸಿದ್ದಾಳೆ. ಆದರೆ ಅತ್ತೆ ಮಲಗಿರುವಾಗ ನಾಲ್ಕು ಪಾತ್ರೆ ತೊಳಿ, ಬಟ್ಟೆ ಮಡಚು ಅಂದರೆ ಮುಖ ಸಪ್ಪಗೆ ಮಾಡುತ್ತಾಳೆ. ಮಧ್ಯಾಹ್ನ ಒಂದು ಗಂಟೆ ಮಲಗಿಬಿಡುತ್ತಾಳೆ. ಮೊನ್ನೆ ಮಾತಿಗೆ ಮಾತು ಬಂದು, ತನ್ನ ಕೈಗೆ ಸಿಗುವುದು 600 ಮಾತ್ರ ಅಂದಳು. ನೇರವಾಗಿ ಇಟ್ಟುಕೊಂಡು 750 ಕೊಡಿ ಅನ್ನುತ್ತಾಳೆ. ಬ್ಯೂರೋ ಕಾಗದದಲ್ಲಿ ಹಾಗೆ ಮಾಡಬಾರದು ಅಂತ ಇದೆ. ಏನು ಮಾಡಲಿ?
ಓದುಗರು, ಡೊಂಬಿವಲಿ

ಉತ್ತರ: ತಂಗಿ, ದುಡ್ಡಿನ ಮಾತು ಆಮೇಲೆ. ಮೊದಲು ಪಾತ್ರೆಯ ಮಾತು.

ಲಕ್ವ ಹೊಡೆದವರ ಆರೈಕೆ ಮಾಡಿ ನಿಮಗೂ ಗೊತ್ತಿರಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಡಯಾಪರ್ ಬದಲಿಸಬೇಕು, ಮೈ ಒರೆಸಬೇಕು, ಬಾಯಿ ತೊಳೆಸಬೇಕು. ನೇರ ಕೂರಿಸಿ ಒಂದೊಂದೇ ಚಮಚ ತಿನ್ನಿಸಬೇಕು, ಅವಸರ ಮಾಡಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಂಚದಿಂದ ಕುರ್ಚಿಗೆ ಕೂರಿಸುವಾಗ ಬಿದ್ದುಹೋದ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತದೆ. ಇಷ್ಟನ್ನು ಒಬ್ಬ ಹೆಂಗಸು ಹನ್ನೆರಡು ಗಂಟೆ ಮಾಡುತ್ತಾರೆ. ಅತ್ತೆ ಮಲಗಿದಾಗ ಅವರೂ ಒಂದು ಗಂಟೆ ಸೊಂಟ ಚಾಚಿದರೆ ಅದು ಕಳ್ಳತನ ಅಲ್ಲ. ನಾವು ಆಸ್ಪತ್ರೆಯಲ್ಲಿ ಎಂಟು ಗಂಟೆಯ ಡ್ಯೂಟಿ ಮುಗಿಸಿ ಲೋಕಲ್ ರೈಲಿನಲ್ಲಿ ನಿಂತೇ ನಿದ್ದೆ ಮಾಡುತ್ತಿದ್ದೆವು.

ನಾನೂ ಈ ತಪ್ಪು ಮಾಡಿದ್ದೇನೆ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಮೊದಲು ಬಂದ ಮಾವಶಿಗೆ ಒಂದು ಭಾನುವಾರ ಬಂಗುಡೆ ಮೀನು ಸಾಫ್ ಮಾಡಿಕೊಡಿ ಅಂದೆ. ಮಾಡಿಕೊಟ್ಟರು. ಮರುದಿನ ಪಾತ್ರೆ ಅಂದೆ, ಅದನ್ನೂ ಮಾಡಿದರು. ಮೂರನೇ ವಾರ ಬರಲೇ ಇಲ್ಲ. ಬ್ಯೂರೋಗೆ ಫೋನ್ ಮಾಡಿದರೆ, 'ಆಕೆ ರೋಗಿಯನ್ನು ನೋಡಿಕೊಳ್ಳಲು ಬಂದವರು, ನೀವು ಮನೆಗೆಲಸ ಹೇಳಿದಿರಂತೆ' ಅಂದರು. ವಾರ್ಡಿನಲ್ಲಿ ನರ್ಸಿಗೆ ಯಾರಾದರೂ ಕಸ ಗುಡಿಸು ಅಂದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಮನೆಯಲ್ಲಿ ನಾನೇ ಹಾಗೆ ಮಾಡಿದ್ದೆ. ನೀವು ಪಾತ್ರೆಗೆ ಬೇರೆ ಕೆಲಸದವರನ್ನು ಇಟ್ಟುಕೊಳ್ಳಿ. ಅತ್ತೆಯ ತಟ್ಟೆ ಲೋಟ, ಅತ್ತೆಯ ಬಟ್ಟೆ, ಅತ್ತೆಯ ಕೋಣೆ ಇಷ್ಟು ಮಾವಶಿಯ ಕೆಲಸ.

ಎರಡನೇ ಮಾವಶಿ ಟಿಟ್ವಾಲಾದಿಂದ ಬರುತ್ತಿದ್ದರು. ಅವರ ಬಗ್ಗೆ ಹೇಳಲೇಬೇಕು. 2005ರ ಜುಲೈ 26. ಮುಂಬೈಯಲ್ಲಿದ್ದವರಿಗೆ ಆ ದಿನ ಮರೆಯುವುದಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಲೋಕಲ್ ನಿಂತಿತು, ಕರೆಂಟ್ ಹೋಯಿತು. ನಾನು ಸಯಾನ್‌ನಲ್ಲಿ ಡ್ಯೂಟಿಯಲ್ಲಿ ಸಿಕ್ಕಿಬಿದ್ದೆ. ರಾತ್ರಿ ಎಂಟಕ್ಕೆ ಮನೆಗೆ ಹೋಗಬೇಕಿದ್ದ ಮಾವಶಿ ಹೋಗಲಿಲ್ಲ. ಹೋಗಲು ದಾರಿಯೂ ಇರಲಿಲ್ಲ. ಅವರ ಇಬ್ಬರು ಮಕ್ಕಳು ಟಿಟ್ವಾಲಾದಲ್ಲಿ, ಯಾವ ಸುದ್ದಿಯೂ ಇಲ್ಲ. ಎರಡು ರಾತ್ರಿ ಮೇಣದಬತ್ತಿ ಹಚ್ಚಿಕೊಂಡು ಅಮ್ಮನ ಹತ್ತಿರ ಕೂತಿದ್ದರು. ನಾನು ನೀರಿನಲ್ಲಿ ನಡೆದು ಮನೆ ಸೇರಿದಾಗ ಮೊದಲು ಅಮ್ಮನ ಬೆನ್ನು ನೋಡಿದೆ. ಒಂದು ಕೆಂಪು ಗುರುತೂ ಇರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದರು. ಗಂಜಿ ಕುಡಿಸಿದ್ದರು. ಗೋಡೆಯ ಕ್ಯಾಲೆಂಡರಿನ ಹಿಂದೆ ಮಾತ್ರೆ ಕೊಟ್ಟ ಹೊತ್ತನ್ನು ಮರಾಠಿಯಲ್ಲಿ ಬರೆದಿಟ್ಟಿದ್ದರು.

ಆ ಎರಡು ದಿನ, ಎರಡು ರಾತ್ರಿಯ ದುಡ್ಡನ್ನು ನಾನು ಲೆಕ್ಕ ಹಾಕಿ ಬ್ಯೂರೋಗೆ ಕೊಟ್ಟೆ. ತಿಂಗಳ ಕೊನೆಯಲ್ಲಿ ಸುಮ್ನೆ ಮಾತಿಗೆ ಕೇಳಿದೆ, ಎಷ್ಟು ಸಿಕ್ಕಿತು ಅಂತ. ಎರಡು ಹಗಲಿನದ್ದು ಮಾತ್ರ ಸಿಕ್ಕಿತ್ತು. ರಾತ್ರಿಯದ್ದು ಅವರ ಕೈ ಸೇರಿರಲೇ ಇಲ್ಲ. ಅವರು ಕೇಳಿಯೂ ಇರಲಿಲ್ಲ, ಕೇಳಿದರೆ ಬೇರೆ ಮನೆ ಸಿಗುವುದಿಲ್ಲ ಎಂಬ ಹೆದರಿಕೆ. ನನಗೆ ಅವತ್ತು ಅನ್ನ ಇಳಿಯಲಿಲ್ಲ. ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಬ್ಯೂರೋದ ದುಡ್ಡು ಬ್ಯೂರೋಗೆ. ಹೆಚ್ಚಿನ ಗಂಟೆ, ಹಬ್ಬದ ದುಡ್ಡು, ಮಳೆಯ ದಿನದ ರಿಕ್ಷಾ, ಇದೆಲ್ಲ ಮಾವಶಿಯ ಕೈಗೇ.

ಹಾಗಾಗಿ ತಂಗಿ, ನಿಮ್ಮ ಆಯಾ 600 ಅಂದಾಗ ನಾನು ನಂಬುತ್ತೇನೆ. ಆದರೆ ಬ್ಯೂರೋದವರೂ ಆ 300ಕ್ಕೆ ಏನು ಕೊಡುತ್ತಾರೆ ಎಂದು ನೋಡಬೇಕು. ಆಯಾ ಬಾರದ ದಿನ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರೆ ಒಂಬತ್ತರೊಳಗೆ ಬೇರೆಯವರನ್ನು ಕಳಿಸುತ್ತಾರಾ? ಪೊಲೀಸ್ ವೆರಿಫಿಕೇಶನ್ ಮಾಡಿಸಿದ್ದಾರಾ? ಮಾಡುತ್ತಿದ್ದರೆ ಆ ದುಡ್ಡಿಗೆ ಕೆಲಸ ಇದೆ. ನೇರವಾಗಿ ಇಟ್ಟುಕೊಂಡರೆ ಈ ಕೆಲಸವೆಲ್ಲ ನಿಮ್ಮ ತಲೆ ಮೇಲೆ.

ಲೆಕ್ಕ ಹಾಕೋಣ. ಈಗ ತಿಂಗಳಿಗೆ 27,000 ಹೋಗುತ್ತದೆ. ನೇರವಾಗಿ 750ರಂತೆ ಕೊಟ್ಟರೆ 22,500. ವಾರಕ್ಕೊಂದು ರಜೆ ಕೊಡಿ, ಆ ದಿನದ ಪಗಾರ ಕಡಿಯಬೇಡಿ. ಆ ನಾಲ್ಕು ದಿನಕ್ಕೆ ಬದಲಿಯವರನ್ನು 900ಕ್ಕೆ ಕರೆದರೂ 3,600. ಒಟ್ಟು 26,100. ನಿಮಗೆ 900 ಉಳಿಯುತ್ತದೆ, ಅವರಿಗೆ ತಿಂಗಳಿಗೆ ನಾಲ್ಕು ದಿನ ಮಕ್ಕಳ ಮುಖ ನೋಡಲು ಸಿಗುತ್ತದೆ. ಆ 900 ತೆಗೆದಿಟ್ಟರೆ ವರ್ಷಕ್ಕೆ 10,800. ದೀಪಾವಳಿ ಬೋನಸ್ಸಿನ ಅರ್ಧ ಅಲ್ಲೇ ಬಂತಲ್ವಾ?

ಆದರೆ ಕದ್ದುಮುಚ್ಚಿ ಮಾಡಬೇಡಿ. ನೀವು ಸಹಿ ಹಾಕಿದ ಕಾಗದ ತೆಗೆದು ಓದಿ. ಎಷ್ಟು ತಿಂಗಳ ನಿರ್ಬಂಧ, ಎಷ್ಟು ದುಡ್ಡು ಕಟ್ಟಿದರೆ ಬಿಡುತ್ತಾರೆ, ನೋಡಿ. ಬ್ಯೂರೋದವರ ಎದುರಿಗೆ ಕೂತು ಮಾತಾಡಿ, ಒಂದು ಮೊತ್ತ ಕೊಟ್ಟು ಬಿಡಿಸಿಕೊಳ್ಳಿ, ರಸೀದಿ ತೆಗೆದುಕೊಳ್ಳಿ. ಹೇಳದೆ ಮಾಡಿದರೆ ನಿಮಗಿಂತ ಜಾಸ್ತಿ ಪೆಟ್ಟು ಆಯಾಗೆ, ನಾಳೆ ಅವರಿಗೆ ಬೇರೆ ಮನೆ ಸಿಗುವುದಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಎಲ್ಲ ಬರೆಯಿರಿ, ಅವರಿಗೆ ಓದಲು ಬರುವ ಭಾಷೆಯಲ್ಲಿ. ಕೆಲಸದ ಹೊತ್ತು, ಯಾವ ಕೆಲಸ ಅವರದ್ದು ಯಾವುದು ಅಲ್ಲ, ಪಗಾರದ ತಾರೀಖು, ರಜೆ, ಎಂಟರ ನಂತರ ನಿಂತರೆ ಗಂಟೆಗೆ ಎಷ್ಟು. ಇಬ್ಬರೂ ಸಹಿ ಹಾಕಿ, ಒಬ್ಬೊಬ್ಬರು ಒಂದು ಪ್ರತಿ ಇಟ್ಟುಕೊಳ್ಳಿ. ಪಗಾರ ಅವರ ಬ್ಯಾಂಕ್ ಖಾತೆಗೆ ಹೋಗಲಿ. ಮುಂಗಡ ಕೊಟ್ಟರೆ ಡೈರಿಯಲ್ಲಿ ಬರೆದಿಡಿ. ಆಧಾರ್ ಪ್ರತಿ ತೆಗೆದುಕೊಂಡು ಹತ್ತಿರದ ಪೊಲೀಸ್ ಠಾಣೆಯಲ್ಲಿ ವೆರಿಫಿಕೇಶನ್ ಮಾಡಿಸಿ, ಅದನ್ನು ಅವರಿಗೆ ಹೇಳಿಯೇ ಮಾಡಿಸಿ. ಬಂಗಾರವನ್ನು ಮೊದಲ ದಿನವೇ ಬೀಗದಲ್ಲಿಡಿ, ಆಮೇಲೆ ಅನುಮಾನ ಪಡುವ ಕಷ್ಟ ಇರುವುದಿಲ್ಲ. ಕ್ಯಾಮೆರಾ ಇಟ್ಟರೆ ತೋರಿಸಿ ಇಡಿ. ಅತ್ತೆಯ ಬಟ್ಟೆ ಬದಲಿಸುವ ಕಡೆಗೆ ಅದು ತಿರುಗಿರಬಾರದು.

ಇನ್ನೊಂದು, ನೀವು ಕೇಳದೇ ಇದ್ದದ್ದು. ಎಷ್ಟೋ ಮನೆಗಳಲ್ಲಿ ಆಯಾಗೆ ಚಹಾಕ್ಕೆ ಬೇರೆ ಕಪ್, ಬಿಲ್ಡಿಂಗಿನ ಕೆಳಗೆ ವಾಚ್‌ಮನ್ ಉಪಯೋಗಿಸುವ ಕಕ್ಕಸು. ಹನ್ನೆರಡು ಗಂಟೆ ನಮ್ಮ ತಾಯಿಯ ಮಲಮೂತ್ರ ತೆಗೆಯುವವರಿಗೆ ನಮ್ಮ ಮನೆಯ ಕಕ್ಕಸು ಇಲ್ಲ ಅನ್ನುವುದು ನನಗೆ ಸಹಿಸಲು ಆಗದ ಮಾತು. ನಿಮ್ಮ ಮನೆಯಲ್ಲಿ ಹಾಗಿಲ್ಲ ಎಂದೇ ನಂಬಿದ್ದೇನೆ.

ಪ್ರಶ್ನೆ: ಅಪ್ಪನಿಗೆ ಮೂಗಿನಿಂದ ಊಟದ ನಳಿಗೆ ಹಾಕಿದ್ದಾರೆ. ಬ್ಯೂರೋದವರು 'ಟ್ರೇನ್ಡ್ ಸಿಸ್ಟರ್, 24 ಗಂಟೆ ಮನೆಯಲ್ಲೇ ಇರುತ್ತಾರೆ' ಎಂದು ಜಾಸ್ತಿ ದುಡ್ಡು ಕೇಳುತ್ತಿದ್ದಾರೆ. ನಿಜವಾದ ನರ್ಸ್ ಹೌದೋ ಅಲ್ಲವೋ ತಿಳಿಯುವುದು ಹೇಗೆ?
ಓದುಗರು, ಮುಲುಂಡ್

ಉತ್ತರ: ಬಿಳಿ ಕೋಟು ನೋಡಿ ನಂಬಬೇಡಿ. ಬ್ಯೂರೋಗಳಲ್ಲಿ ಕೋಟು ಹಾಕಿದವರೆಲ್ಲ ಸಿಸ್ಟರ್. ಜಿಎನ್‌ಎಂ ಅಂದರೆ ಮೂರು ವರ್ಷದ ನರ್ಸಿಂಗ್ ಕೋರ್ಸ್, ಎಎನ್‌ಎಂ ಎರಡು ವರ್ಷದ್ದು. ಇವರಿಗೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇರುತ್ತದೆ. ಆ ಕಾಗದ ತೋರಿಸಿ ಎಂದು ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ನರ್ಸಿನ ದರ ಕೊಡಬೇಡಿ. ಕೆಲವು ತಿಂಗಳ ತರಬೇತಿ ಪಡೆದ ಅಟೆಂಡೆಂಟ್‌ಗಳೂ ಇದ್ದಾರೆ, ಅವರಲ್ಲಿ ತುಂಬಾ ಒಳ್ಳೆಯವರಿದ್ದಾರೆ. ಅವರ ದರ ಅವರಿಗೆ, ನರ್ಸಿನ ದರ ನರ್ಸಿಗೆ.

ಹಗಲಿಡೀ ನಿಮಗೆ ನರ್ಸ್ ಬೇಕಾಗಿಲ್ಲವೇನೋ. ನಳಿಗೆ ಹಾಕುವುದು, ಬದಲಿಸುವುದು, ಇಂಜೆಕ್ಷನ್, ಕ್ಯಾಥೆಟರ್ (ಮೂತ್ರದ ನಳಿಗೆ) ಇವು ನರ್ಸಿನ ಕೆಲಸ. ಅದಕ್ಕೆ ಬೇಕಾದ ದಿನ ಮಾತ್ರ ನರ್ಸನ್ನು ಕರೆಸಿ. ನಳಿಗೆಯಿಂದ ಊಟ ಕೊಡುವುದನ್ನು ಡಿಸ್‌ಚಾರ್ಜ್ ಆಗುವ ಮೊದಲೇ ವಾರ್ಡಿನ ಸಿಸ್ಟರ್ ಹತ್ತಿರ ನೀವೂ ಆಯಾ ಕೂಡ ಕಲಿಯಿರಿ. ತಲೆ, ಎದೆ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ನಳಿಗೆ ಜಾಗದಲ್ಲೇ ಇದೆಯೇ ಎಂದು ನೋಡದೆ ಏನನ್ನೂ ಬಿಡಬಾರದು. ಕೊಟ್ಟ ಮೇಲೆ ಅರ್ಧದಿಂದ ಒಂದು ಗಂಟೆ ಚಪ್ಪಟೆ ಮಲಗಿಸಬಾರದು. ಕೊಡುವಾಗ ಕೆಮ್ಮು ಬಂದರೆ, ಉಸಿರು ಎಳೆದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

24 ಗಂಟೆಯ ಮಾತು. ಯಾರೂ 24 ಗಂಟೆ ಎಚ್ಚರ ಇರಲಾರರು. ಅಪ್ಪ ರಾತ್ರಿ ಚೆನ್ನಾಗಿ ಮಲಗುತ್ತಾರೆ, ಒಂದೆರಡು ಸಲ ಏಳಬೇಕಾದೀತು ಅಷ್ಟೇ ಎಂದಾದರೆ ಒಬ್ಬರು ಸಾಕು. ಅವರಿಗೆ ಮಲಗಲು ಜಾಗ, ಹೊದಿಕೆ, ಊಟ, ಹಗಲು ಎರಡು ಗಂಟೆ ಬಿಡುವು ಬೇಕು. ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕಫ ತೆಗೆಯಬೇಕು ಎಂದಾದರೆ ಹನ್ನೆರಡು ಗಂಟೆಯ ಇಬ್ಬರೇ ಬೇಕು. ಖರ್ಚು ಜಾಸ್ತಿ, ಗೊತ್ತು. ಆದರೆ ನಿದ್ದೆಗೆಟ್ಟ ಕೈಯಿಂದ ತಪ್ಪು ಆಗಿಯೇ ಆಗುತ್ತದೆ. ಇಬ್ಬರ ಖರ್ಚು ಆಗದಿದ್ದರೆ ರಾತ್ರಿಯ ಪಾಳಿಯನ್ನು ಮನೆಯವರು ಹಂಚಿಕೊಳ್ಳಿ.

ಪ್ರಶ್ನೆ: ಅಮ್ಮ ನನ್ನ ಮನೆಯಲ್ಲಿದ್ದಾರೆ. ಆಯಾ, ಔಷಧಿ, ಡಯಾಪರ್ ಸೇರಿ ತಿಂಗಳಿಗೆ 40,000 ದಾಟುತ್ತದೆ. ಅಣ್ಣ ಬೆಂಗಳೂರಿನಲ್ಲಿ, ತಮ್ಮ ವಿದೇಶದಲ್ಲಿ. ಇಬ್ಬರೂ ಫೋನ್ ಮಾಡುತ್ತಾರೆ, ದುಡ್ಡಿನ ಮಾತು ಬಂದರೆ ಸುಮ್ಮನಾಗುತ್ತಾರೆ. ಕೇಳಲು ನನಗೇ ನಾಚಿಕೆ.
ಓದುಗರು, ಕೋಥ್ರೂಡ್, ಪುಣೆ

ಉತ್ತರ: ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮೂರು ತಿಂಗಳ ಬಿಲ್ಲು ಒಟ್ಟು ಮಾಡಿ, ಒಂದು ಹಾಳೆಯಲ್ಲಿ ಬರೆದು, ಇಬ್ಬರಿಗೂ ಒಂದೇ ದಿನ ಕಳಿಸಿ. 'ಸ್ವಲ್ಪ ಸಹಾಯ ಮಾಡಿ' ಅನ್ನಬೇಡಿ. 'ನಿಮ್ಮ ಪಾಲು ಇಷ್ಟು, ಪ್ರತಿ ತಿಂಗಳು 1ನೇ ತಾರೀಖಿಗೆ ಈ ಖಾತೆಗೆ' ಎಂದು ಬರೆಯಿರಿ. ಅಮ್ಮನ ಹೆಸರಿನಲ್ಲೇ ಒಂದು ಜಂಟಿ ಖಾತೆ ತೆರೆದರೆ ಎಲ್ಲರಿಗೂ ಲೆಕ್ಕ ಕಾಣುತ್ತದೆ. ದುಡ್ಡು ಆಗದವರು ವರ್ಷಕ್ಕೆ ಒಂದು ತಿಂಗಳು ಬಂದು ಅಮ್ಮನ ಹತ್ತಿರ ಇರಲಿ. ರಾತ್ರಿ ಎದ್ದು ನೋಡಿಕೊಳ್ಳುವ ನಿಮ್ಮ ದುಡಿಮೆಯೂ ಪಾಲೇ, ಅದನ್ನೂ ಹಾಳೆಯಲ್ಲಿ ಬರೆಯಿರಿ.

ಹಿರಿಯರ ಪಾಲನೆಗಾಗಿ 2007ರ ಕಾಯ್ದೆ ಇದೆ. ಅಮ್ಮ ಅರ್ಜಿ ಕೊಟ್ಟರೆ ಟ್ರಿಬ್ಯುನಲ್ ಮಕ್ಕಳಿಗೆ ತಿಂಗಳಿಗೆ 10,000 ರೂಪಾಯಿವರೆಗೆ ಕೊಡುವಂತೆ ಆದೇಶ ಮಾಡಬಹುದು. ಅದು ಕೊನೆಯ ದಾರಿ. ಮಾಹಿತಿ ಬೇಕಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಇರುತ್ತದೆ. ಇನ್ನು, ಅಮ್ಮನಿಗೆ ಶೇಕಡ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಎಂದು ಸರ್ಟಿಫಿಕೇಟ್ ಸಿಗುವುದಾದರೆ, ಅವರು ಮುಖ್ಯವಾಗಿ ನಿಮ್ಮನ್ನೇ ನೆಚ್ಚಿಕೊಂಡಿದ್ದರೆ, 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಸೆಕ್ಷನ್ ಪ್ರಕಾರ 75,000 ರೂಪಾಯಿ ಕಡಿತ ಇತ್ತು. ಶೇಕಡ 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ನಿಮ್ಮ ಸಿಎ ಹತ್ತಿರ ಕೇಳಿ.

ಪ್ರಶ್ನೆ: ಅಕ್ಕಾರ, ನಾನು ಕಲಬುರಗಿ ಕಡೆಯವಳು. ನೆರೂಳದಾಗ ಒಬ್ಬ ಅಜ್ಜಿಯನ್ನು ಹದಿನಾಲ್ಕು ತಿಂಗಳು ನೋಡಿಕೊಂಡೆ, ಬ್ಯೂರೋ ಇಲ್ಲದೆ, ದಿನಕ್ಕೆ 650ರಂತೆ. ಹೋದ ತಿಂಗಳು 19ಕ್ಕೆ ಅಜ್ಜಿ ತೀರಿಕೊಂಡರು. ನನ್ನ 19 ದಿನದ ಪಗಾರ ಬಾಕಿ ಇದೆ. ದುಃಖದ ಮನೆಗೆ ಹೋಗಿ ದುಡ್ಡು ಕೇಳಲು ಬಾಯಿ ಬರುವುದಿಲ್ಲ. ಮಗಳ ಫೀಸು ಕಟ್ಟಬೇಕು. ಈ ಪತ್ರ ಅವಳ ಕೈಲೇ ಬರೆಸಿದ್ದೇನೆ.
ಹೆಸರು ಬೇಡ, ನವಿ ಮುಂಬೈ

ಉತ್ತರ: ತಂಗಿ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಹದಿನಾಲ್ಕು ತಿಂಗಳು ದಿನಾ ಮೈ ತೊಳೆಸಿ, ತಲೆ ಬಾಚಿ, ಊಟ ಮಾಡಿಸಿದ ಅಜ್ಜಿ ಹೋದರು. ಮನೆಯವರ ಹತ್ತಿರ ನಾಲ್ಕು ಜನ ಕೂತು ಸಮಾಧಾನ ಹೇಳುತ್ತಾರೆ. ನಿಮ್ಮ ಹತ್ತಿರ ಯಾರೂ ಕೂರಲಿಲ್ಲ. ಮರುದಿನದಿಂದ ಕೆಲಸವೂ ಇಲ್ಲ. ಮೊದಲು ಇದನ್ನು ಹೇಳಬೇಕು ಅನಿಸಿತು.

ನಿಮ್ಮ ಬಾಕಿ 12,350 ರೂಪಾಯಿ. ಅದು ನೀವು ದುಡಿದ ದುಡ್ಡು. ಮನೆಯವರು ಕೊಡಬಾರದೆಂದು ಇಟ್ಟುಕೊಂಡಿಲ್ಲದೆಯೂ ಇರಬಹುದು, ಸಾವಿನ ಮನೆಯಲ್ಲಿ ತಾರೀಖೇ ಮರೆತುಹೋಗುತ್ತದೆ. ಹದಿಮೂರು ದಿನ ಕಳೆದಿವೆ, ಈಗ ಹೋಗಬಹುದು. ಸಂಜೆ ಹೊತ್ತು ಹೋಗಿ, ಅಜ್ಜಿಯ ಫೋಟೋಗೆ ಹೂ ಇಡಿ, ಆಮೇಲೆ ಹೀಗೆ ಹೇಳಿ: 'ಹೋದ ತಿಂಗಳು 1ರಿಂದ 19ರ ತನಕದ ಪಗಾರ ಬರಬೇಕಿತ್ತು, ಮಗಳ ಫೀಸು ಇದೆ.' ಇಷ್ಟೇ ಸಾಕು. ಹಿಂದಿನ ತಿಂಗಳುಗಳ ಪಗಾರ ಫೋನ್‌ನಲ್ಲಿ ಬಂದಿದ್ದರೆ ಆ ಮೆಸೇಜ್‌ಗಳನ್ನು ಅಳಿಸಬೇಡಿ. ಕೊಡದಿದ್ದರೆ ಥಾಣೆ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಂಗಸರಿಗೆ ಅಲ್ಲಿ ವಕೀಲರ ಸಹಾಯ ಉಚಿತ, ಆದಾಯ ಎಷ್ಟೇ ಇರಲಿ. ಫೋನ್ ನಂಬರ್ 15100.

ನೀವು ಮಾಡಿಸಿಕೊಳ್ಳಬೇಕಾದ್ದೂ ಇದೆ. ಅಸಂಘಟಿತ ಕೆಲಸಗಾರರಿಗಾಗಿ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿ, 16ರಿಂದ 59 ವಯಸ್ಸಿನವರಿಗೆ ಸಿಗುತ್ತದೆ. ಮಹಾರಾಷ್ಟ್ರದಲ್ಲಿ 2008ರ ಕಾಯ್ದೆಯಿಂದ ಬಂದ ಮನೆಗೆಲಸದವರ ಕಲ್ಯಾಣ ಮಂಡಳಿ ಇದೆ, ಅಲ್ಲೂ ಹೆಸರು ಬರೆಸಲು ಕೇಳಿ. ನಿಮ್ಮ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ, ದಿನಾ ಲೋಕಲ್‌ನಲ್ಲಿ ಓಡಾಡುವವರು ಬಿಡಬಾರದು. ಆಯಾ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ 20 ರೂಪಾಯಿಯನ್ನು ನೀವೇ ಕಟ್ಟಿ.

ಆ ಮನೆಯವರ ಹತ್ತಿರ ಒಂದು ಚೀಟಿಯನ್ನೂ ಕೇಳಿ ತನ್ನಿ. ಹದಿನಾಲ್ಕು ತಿಂಗಳು ಚೆನ್ನಾಗಿ ನೋಡಿಕೊಂಡರು ಎಂದು ಎರಡು ಸಾಲು, ಕೆಳಗೆ ಸಹಿ, ಫೋನ್ ನಂಬರ್. ಮುಂದಿನ ಮನೆಗೆ ಅದೇ ನಿಮ್ಮ ಸರ್ಟಿಫಿಕೇಟ್. ದುಡ್ಡು ಬಂತೋ ಇಲ್ಲವೋ, ಮಗಳ ಕೈಲಿ ನನಗೆ ಒಂದು ಸಾಲು ಬರೆಸಿ. ಬರಲಿಲ್ಲ ಎಂದಾದರೆ ಒಂದು ದಿನ ಹೇಳಿ, ನೆರೂಳಕ್ಕೆ ನಾನೂ ನಿಮ್ಮ ಜೊತೆ ಬರುತ್ತೇನೆ.